ಅಂಕಿತ ಬದಲಿಸುವ ಅಧಿಕಾರ ಯಾರದು?

2024ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟವು ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಸರ್ಕಾರಿ ಕಚೇರಿಗಳ ಗೋಡೆಗೆ ಭಾವಚಿತ್ರವೂ ಬಂತು. ಅದೇ ವರ್ಷ ‘ವಚನ ದರ್ಶನ’ ಎಂಬ ಪುಸ್ತಕದ ಸುತ್ತ ವಾದವಿವಾದಗಳೆದ್ದವು. ಅದಕ್ಕೂ ಮೊದಲು, 2022ರಲ್ಲಿ, ಒಂಬತ್ತನೆಯ ತರಗತಿಯ ಪಠ್ಯದಲ್ಲಿ ಬಸವಣ್ಣನವರ ಪರಿಚಯವನ್ನು ತಿದ್ದಿದ ರೀತಿಗೆ ಮಠಾಧೀಶರೇ ಆಕ್ಷೇಪಣೆ ಎತ್ತಿದ್ದರು. ಈ ಎಲ್ಲ ಜಗಳಗಳೂ ಬಸವಣ್ಣನವರ ಬಗ್ಗೆ ಯಾರು ಏನು ಬರೆದರು ಎಂಬುದನ್ನು ಕುರಿತವು. ಸ್ವತಃ ಬಸವಣ್ಣನವರ ಮಾತನ್ನೇ ತಿದ್ದಿದ ಪ್ರಕರಣವೊಂದು ನಮ್ಮ ಕಾಲದಲ್ಲಿಯೇ ನಡೆದಿತ್ತು. ಅದು ನ್ಯಾಯಾಲಯದ ಕಡತದೊಳಗೆ ಮುಗಿದುಹೋಯಿತು. ಅಲ್ಲಿ ಎದ್ದಿದ್ದ ಪ್ರಶ್ನೆಗೆ ಮಾತ್ರ ಇನ್ನೂ ಸರಿಯಾದ ಉತ್ತರ ಸಿಕ್ಕಿಲ್ಲವೆಂದು ನನಗನ್ನಿಸುತ್ತದೆ.

1990ರ ದಶಕದಲ್ಲಿ ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ ಎಂಬ ಸಂಕಲನವನ್ನು ಹೊರತಂದರು. ಅದರಲ್ಲಿ ಬಸವಣ್ಣನವರ ವಚನಗಳ ಕೊನೆಯಲ್ಲಿ ಬರುವ ‘ಕೂಡಲಸಂಗಮದೇವ’ ಎಂಬ ಅಂಕಿತವನ್ನು ತೆಗೆದು ‘ಲಿಂಗದೇವ’ ಎಂಬ ಅಂಕಿತವನ್ನು ಇರಿಸಲಾಗಿತ್ತು. ನಾಡಿನಾದ್ಯಂತ ಪ್ರತಿಭಟನೆ ನಡೆಯಿತು. 1998ರಲ್ಲಿ ರಾಜ್ಯ ಸರ್ಕಾರವು ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ಆ ಆದೇಶವನ್ನು ಪ್ರಶ್ನಿಸಿದ ಅರ್ಜಿ ಹೈಕೋರ್ಟಿನಲ್ಲಿ ಬಿದ್ದುಹೋಯಿತು. 2017ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ ನಿಷೇಧವನ್ನು ಎತ್ತಿಹಿಡಿಯಿತು. 2019ರ ಮಾರ್ಚಿನಲ್ಲಿ ಮಾತಾಜಿ ಲಿಂಗೈಕ್ಯರಾದರು.

ಮಾತೆ ಮಹಾದೇವಿಯವರ ಬಗ್ಗೆ ಲಘುವಾಗಿ ಮಾತನಾಡುವುದು ನನ್ನ ಉದ್ದೇಶವಲ್ಲ. ಹೆಣ್ಣೊಬ್ಬಳು ಜಗದ್ಗುರು ಪೀಠವೇರಬಹುದೆಂಬುದನ್ನು ಊಹಿಸಲೂ ಸಿದ್ಧವಿಲ್ಲದ ಕಾಲದಲ್ಲಿ ಅವರು ಅದನ್ನು ಸಾಧಿಸಿ ತೋರಿದರು. ಮಠಗಳ ಕಪಾಟಿನಲ್ಲಿಯೂ ವಿಶ್ವವಿದ್ಯಾಲಯಗಳ ಬೀರುಗಳಲ್ಲಿಯೂ ಇದ್ದ ವಚನಗಳನ್ನು ಹಳ್ಳಿಯ ಹೆಣ್ಣುಮಕ್ಕಳ ಬಾಯಿಗೆ ತಂದವರಲ್ಲಿ ಅವರೂ ಒಬ್ಬರು. ಅಂಕಿತ ಬದಲಾವಣೆಯ ಹಿಂದೆ ದುರುದ್ದೇಶವಿತ್ತೆಂದು ನಾನು ಭಾವಿಸಿಲ್ಲ. ಅದರ ಹಿಂದೆ ಇದ್ದದ್ದು ಒಂದು ತಾತ್ವಿಕ ಇಕ್ಕಟ್ಟು. ಆ ಇಕ್ಕಟ್ಟು ನಿಜವಾದದ್ದು. ಅದನ್ನು ಬಗೆಹರಿಸಲು ಹಿಡಿದ ದಾರಿ ಮಾತ್ರ ತಪ್ಪು.

ಇಕ್ಕಟ್ಟು ಏನೆಂಬುದನ್ನು ನೋಡೋಣ. ಲಿಂಗಾಯತವು ಇಷ್ಟಲಿಂಗದ ಧರ್ಮ. ಅಂಗೈಯ ಮೇಲಿನ ಲಿಂಗವನ್ನು ಬಿಟ್ಟು ಗುಡಿಯ ದೇವರಿಗೆ ಕೈಮುಗಿಯುವುದನ್ನು ಶರಣರು ಒಪ್ಪಲಿಲ್ಲ. ದೇಹವನ್ನೇ ದೇಗುಲವೆಂದು ಕರೆದು, ಸ್ಥಾವರವು ಅಳಿಯುವಂಥದು, ಜಂಗಮಕ್ಕೆ ಅಳಿವಿಲ್ಲ ಎಂದು ಸಾರಿದವರು ಬಸವಣ್ಣನವರು. ಆದರೆ ಆ ಮಾತನ್ನು ಹೇಳಿ ಮುಗಿಸುವಾಗ ಅವರು ಕರೆಯುವುದು ಯಾರನ್ನು? ಕೃಷ್ಣಾ ಮಲಪ್ರಭೆಯರು ಕೂಡುವ ತಾಣದಲ್ಲಿ ಕಲ್ಲಿನ ಗುಡಿಯೊಳಗಿರುವ ಸಂಗಮನಾಥನನ್ನು! ಸ್ಥಾವರವನ್ನು ನಿರಾಕರಿಸಿದ ವ್ಯಕ್ತಿ ಸ್ಥಾವರ ದೇವರೊಬ್ಬನ ಹೆಸರಿನಲ್ಲಿಯೇ ತನ್ನ ಪ್ರತಿಯೊಂದು ವಚನಕ್ಕೂ ಮುದ್ರೆ ಒತ್ತಿದ್ದಾರೆ. ಲಿಂಗಾಯತವು ಹಿಂದೂ ಧರ್ಮದ ಶಾಖೆಯಲ್ಲ, ಸ್ವತಂತ್ರ ಧರ್ಮ ಎಂದು ವಾದಿಸುವವರಿಗೆ ಇದು ಇರುಸುಮುರುಸು ತರುವ ಸಂಗತಿ. ಎದುರಾಳಿ ಎದ್ದು ನಿಂತು, ‘ನಿಮ್ಮ ಧರ್ಮಗುರುವೇ ಶೈವ ಕ್ಷೇತ್ರವೊಂದರ ದೇವರನ್ನು ಹೆಸರು ಹಿಡಿದು ಕರೆಯುತ್ತಿದ್ದಾರಲ್ಲ’ ಎಂದರೆ ಏನು ಹೇಳುವುದು? ‘ಲಿಂಗದೇವ’ ಎಂದು ಬದಲಿಸಿಬಿಟ್ಟರೆ ಕ್ಷೇತ್ರವೂ ಇಲ್ಲ, ಗುಡಿಯೂ ಇಲ್ಲ; ಪ್ರಶ್ನೆಯೇ ಏಳುವುದಿಲ್ಲ.

ನನ್ನ ತಕರಾರು ಇರುವುದು ಇಲ್ಲಿಯೇ. ಈ ಬದಲಾವಣೆಯು ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಪ್ರಶ್ನೆ ಹುಟ್ಟುವ ಜಾಗವನ್ನೇ ಒರೆಸಿಹಾಕುತ್ತದೆ. ಬಸವಣ್ಣನವರ ಬದುಕಿನಲ್ಲಿ ಸಂಗಮದ ಗುಡಿ ಒಂದು ಘಟ್ಟವೇ? ಗುಡಿಯ ದೇವರ ಹೆಸರನ್ನು ಉಳಿಸಿಕೊಂಡೇ ಅವರು ಅದರ ಅರ್ಥವನ್ನು ಗುಡಿಯಾಚೆಗೆ ಒಯ್ದರೇ? ಬಾಲ್ಯದಲ್ಲಿ ಮನೆ ಬಿಟ್ಟು ಬಂದವನಿಗೆ ಆಶ್ರಯ ಕೊಟ್ಟ ಜಾಗದ ಋಣವೇ ಅದು? ಇಂಥ ಪ್ರಶ್ನೆಗಳನ್ನು ಕೇಳಬೇಕಾದರೆ ಅಂಕಿತವು ಇದ್ದಂತೆಯೇ ಇರಬೇಕು. ಸ್ವತಂತ್ರ ಧರ್ಮವಾದಿಗಳು ಇವುಗಳಿಗೆ ಸಮರ್ಥವಾದ ಉತ್ತರ ಕೊಡಬಲ್ಲರೆಂದು ನಾನು ನಂಬಿದ್ದೇನೆ. ಅನೇಕರು ಕೊಟ್ಟೂ ಇದ್ದಾರೆ. ಕೂಡಲಸಂಗಮ ಎಂಬುದು ಅಂಗ ಲಿಂಗಗಳ ಕೂಡಿಕೆಗೆ ಸಂಕೇತವೆಂಬ ವ್ಯಾಖ್ಯಾನ ನಮ್ಮಲ್ಲಿ ಇದ್ದೇ ಇದೆ. ಅದನ್ನು ಟೀಕೆಯಲ್ಲಿ ಬರೆಯಲಿ, ಪ್ರವಚನದಲ್ಲಿ ಹೇಳಲಿ. ಮೂಲದ ಮೇಲೆ ಬಿಳಿ ಬಣ್ಣ ಬಳಿದು ಬರೆಯುವ ಅಗತ್ಯವೇನು?

ಅಂಕಿತವೆಂದರೆ ಪತ್ರದ ಕೊನೆಯಲ್ಲಿ ಹಾಕುವ ಸಹಿಯಂತೆ, ಅದನ್ನು ಬದಲಿಸಿದರೆ ಮೇಲಿನ ಒಕ್ಕಣೆಗೇನೂ ಊನವಾಗದು ಎಂದು ಹೇಳಿದವರನ್ನು ನಾನು ಬಲ್ಲೆ. ಇದು ವಚನದ ರಚನೆಯನ್ನು ಗಮನಿಸದವರ ಮಾತು. ವಚನಕಾರನ ಅಂಕಿತ ಅವನ ಹೆಸರಲ್ಲ. ಅವನು ಮಾತನಾಡಿಸುತ್ತಿರುವವನ ಹೆಸರು. ಇಡೀ ವಚನವೇ ಆ ಸಂಬೋಧನೆಯ ಕಡೆಗೆ ಹರಿದು ಬರುತ್ತದೆ. ಅನೇಕ ಕಡೆ ಅಂಕಿತವು ವಾಕ್ಯದ ಕರ್ತೃವೂ ಆಗುತ್ತದೆ, ಕರ್ಮವೂ ಆಗುತ್ತದೆ. ‘ಕೂಡಲಸಂಗಯ್ಯ’ ಎಂದು ಸಲಿಗೆಯಿಂದ ಕುಗ್ಗುತ್ತದೆ, ‘ಕೂಡಲಸಂಗನ ಶರಣರು’ ಎಂದು ಬಳಗವಾಗಿ ಹಿಗ್ಗುತ್ತದೆ. ಇನ್ನು ಲಯದ ಮಾತು. ‘ಕೂಡಲಸಂಗಮದೇವ’ದಲ್ಲಿ ಎಂಟು ಅಕ್ಷರಗಳಿವೆ, ‘ಲಿಂಗದೇವ’ದಲ್ಲಿ ನಾಲ್ಕು. ಮೇಲಿನಿಂದ ಇಳಿದು ಬಂದ ಮಾತು ಎಂಟು ಅಕ್ಷರಗಳ ಹರವಿನಲ್ಲಿ ನಿಲ್ಲಬೇಕಾದದ್ದು ನಾಲ್ಕರಲ್ಲಿ ಮುಗ್ಗರಿಸುತ್ತದೆ. ಕೆಲವು ವರ್ಷಗಳ ಹಿಂದೆ ಗೃಹಪ್ರವೇಶವೊಂದರಲ್ಲಿ ಇಬ್ಬರು ಹುಡುಗಿಯರು ಒಂದೇ ವಚನವನ್ನು ಒಟ್ಟಿಗೆ ಹಾಡುತ್ತಿದ್ದರು. ಕೊನೆಗೆ ಬಂದಾಗ ಒಬ್ಬಳು ಲಿಂಗದೇವನಲ್ಲಿ ನಿಂತಳು, ಇನ್ನೊಬ್ಬಳು ಸಂಗಮದೇವನವರೆಗೆ ಹೋದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕು ಸುಮ್ಮನಾದರು. ಹಿರಿಯರು ಮಾತ್ರ ನಗಲಿಲ್ಲ. ಊಟದ ಪಂಕ್ತಿಯವರೆಗೂ ಚರ್ಚೆ ನಡೆಯಿತು.

ಎ.ಕೆ. ರಾಮಾನುಜನ್ ಅವರು 1973ರಲ್ಲಿ ವಚನಗಳನ್ನು ಇಂಗ್ಲಿಷಿಗೆ ತಂದಾಗ ಈ ಅಂಕಿತವನ್ನು ಹಾಗೆಯೇ ಬಿಡದೆ, ಕೂಡುವ ನದಿಗಳ ಒಡೆಯ ಎಂಬರ್ಥ ಬರುವಂತೆ ಅನುವಾದಿಸಿದರು. ಕನ್ನಡ ಬಾರದ ಓದುಗನಿಗೂ ಅಲ್ಲಿ ನೀರು ಕಾಣಿಸಿತು. ಅಂಕಿತದಲ್ಲಿ ಒಂದು ಭೂಗೋಳವಿದೆ, ಒಂದು ಬದುಕಿದೆ. ಒಂದು ಬಳಗವೂ ಇದೆ. ಚೆನ್ನಬಸವಣ್ಣನವರು ‘ಕೂಡಲಚೆನ್ನಸಂಗಮದೇವ’ ಎಂದು ಬರೆದರು. ನೀಲಾಂಬಿಕೆಯವರು ‘ಸಂಗಯ್ಯ’ ಎಂದರು. ಸೋದರಮಾವ, ಸೋದರಳಿಯ, ಮಡದಿ ಈ ಮೂವರ ನಡುವಿನ ನಂಟು ಅಂಕಿತಗಳಲ್ಲಿಯೇ ಕೇಳಿಸುತ್ತದೆ. ಬಸವಣ್ಣನವರ ಅಂಕಿತವೊಂದನ್ನು ಕಿತ್ತರೆ ಮಿಕ್ಕ ಎರಡಕ್ಕೂ ಆಸರೆ ತಪ್ಪುತ್ತದೆ. ಅಕ್ಕನ ‘ಚೆನ್ನಮಲ್ಲಿಕಾರ್ಜುನ’ನೂ ಸಿದ್ಧರಾಮರ ‘ಕಪಿಲಸಿದ್ಧಮಲ್ಲಿಕಾರ್ಜುನ’ನೂ ಶ್ರೀಶೈಲದ ಮಲ್ಲಿಕಾರ್ಜುನನ ಹೆಸರನ್ನೇ ಹೊತ್ತವರು. ಸ್ಥಾವರವೆಂಬ ಕಾರಣಕ್ಕೆ ಅಳಿಸಹೊರಟರೆ ಅಳಿಸುವ ಕೆಲಸ ಎಲ್ಲಿ ನಿಲ್ಲಬೇಕು?

ಇದಕ್ಕೊಂದು ಪ್ರಬಲ ಆಕ್ಷೇಪಣೆ ಇದೆ. ಬಸವಣ್ಣನವರ ಕೈಬರಹ ನಮಗೆ ಸಿಕ್ಕಿಲ್ಲ. ಈಗ ದೊರೆಯುವ ತಾಳೆಗರಿಗಳು ಅವರಿಗಿಂತ ಶತಮಾನಗಳಷ್ಟು ಈಚಿನವು. ಒಂದೇ ವಚನವು ಒಂದು ಕಟ್ಟಿನಲ್ಲಿ ಒಬ್ಬರ ಅಂಕಿತದಲ್ಲಿಯೂ ಇನ್ನೊಂದರಲ್ಲಿ ಮತ್ತೊಬ್ಬರ ಅಂಕಿತದಲ್ಲಿಯೂ ಸಿಗುವುದುಂಟು. ಬಸವಣ್ಣನವರ ಅಂಕಿತವಿಟ್ಟು ಬೇರೆಯವರು ಬರೆದು ಸೇರಿಸಿದ ಪ್ರಕ್ಷಿಪ್ತ ವಚನಗಳಿವೆ. ವಚನಗಳನ್ನು ಷಟ್‌ಸ್ಥಲಗಳಿಗೆ ಅಳವಡಿಸಿ ಜೋಡಿಸಿದ್ದು, ಸಂವಾದ ರೂಪದಲ್ಲಿ ಪೋಣಿಸಿ ಶೂನ್ಯಸಂಪಾದನೆಗಳನ್ನು ಕಟ್ಟಿದ್ದು ನಂತರದ ವಿರಕ್ತರು. ‘ಇಷ್ಟೆಲ್ಲ ಕೈಯಾಡಿಸಿದ ಮೇಲೆ ಇನ್ನೊಂದು ಕೈ ಆಡಿಸಿದರೆ ತಪ್ಪೇನು’ ಎಂದು ಕೇಳುವವರಿದ್ದಾರೆ.

ಕೇಳಬೇಕಾದ ಪ್ರಶ್ನೆಯೇ ಇದು. ಉತ್ತರವೂ ಇದೆ. ಮೊದಲನೆಯದಾಗಿ, ಎಲ್ಲೋ ಒಂದೆರಡು ವಚನಗಳು ಯಾರವೆಂಬ ಸಂಶಯಕ್ಕೂ ಬಸವಣ್ಣನವರ ಅಂಕಿತ ಯಾವುದೆಂಬ ಪ್ರಶ್ನೆಗೂ ಸಂಬಂಧವಿಲ್ಲ. ಎರಡನೆಯ ವಿಷಯದಲ್ಲಿ ಪರಂಪರೆಗೆ ಗೊಂದಲವೇ ಇಲ್ಲ. ಹರಿಹರನ ‘ಬಸವರಾಜದೇವರ ರಗಳೆ’ಯಲ್ಲಿ ಬಸವಣ್ಣ ಮನೆ ಬಿಟ್ಟು ಬಂದು ಸೇರುವುದು ಕಪ್ಪಡಿಸಂಗಮವನ್ನೇ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣಕ್ಕೂ ಸಂಗಮೇಶ್ವರನ ಈ ನಂಟು ಗೊತ್ತಿದೆ. ಪುರಾಣಗಳನ್ನು ನಂಬದವರು ಕಲ್ಲನ್ನು ನೋಡಬಹುದು. ಬೆಳಗಾವಿ ಜಿಲ್ಲೆಯ ಅರ್ಜುನವಾಡದ 13ನೆಯ ಶತಮಾನದ ಶಾಸನವು ಅವರನ್ನು ‘ಸಂಗನ ಬಸವ’ ಎಂದೇ ಕರೆಯುತ್ತದೆ. ಕಲ್ಯಾಣದ ಕ್ರಾಂತಿಯಾಗಿ ಸುಮಾರು ನೂರು ವರ್ಷಗಳೊಳಗೆ ಜನ ಅವರನ್ನು ಗುರುತಿಸುತ್ತಿದ್ದುದು ಸಂಗನ ಹೆಸರಿನಿಂದಲೇ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ? ಎರಡನೆಯದಾಗಿ, ಹಳೆಯ ಲಿಪಿಕಾರರು ತಪ್ಪಿದ್ದಾರೆಂಬುದು ನಮಗೆ ತಿಳಿದದ್ದಾದರೂ ಹೇಗೆ? ಸಂಪಾದಕರು ಹತ್ತಾರು ಪ್ರತಿಗಳನ್ನು ಎದುರಿಗಿಟ್ಟುಕೊಂಡು, ಪಾಠಾಂತರಗಳನ್ನು ಅಡಿಯಲ್ಲಿ ಗುರುತಿಸಿ, ಸಂಶಯವನ್ನು ಸಂಶಯವೆಂದೇ ದಾಖಲಿಸಿದ್ದರಿಂದ. ಫ.ಗು. ಹಳಕಟ್ಟಿಯವರು ವಕೀಲಿ ವೃತ್ತಿಯನ್ನು ಪಕ್ಕಕ್ಕಿರಿಸಿ, ಊರೂರು ಅಲೆದು ತಾಳೆಗರಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ಅವರಿಂದ ಹಿಡಿದು ಶಿ.ಶಿ. ಬಸವನಾಳ, ಆರ್.ಸಿ. ಹಿರೇಮಠ, ಎಂ.ಎಂ. ಕಲಬುರ್ಗಿಯವರವರೆಗೆ ಬಂದ ಪರಂಪರೆ ಇದು. 1993ರಲ್ಲಿ ಸರ್ಕಾರವೇ ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನ ಸಾಹಿತ್ಯವನ್ನು ಹೊರತಂದಾಗ ಈ ದುಡಿಮೆ ಒಂದು ನೆಲೆಗೆ ಬಂತು. ಸಂಪಾದಕನೂ ಮನುಷ್ಯನೇ, ಅವನ ಆಯ್ಕೆಯಲ್ಲಿ ಅವನ ಒಲವು ಇದ್ದೇ ಇರುತ್ತದೆ. ಆದರೆ ಅವನು ಎಲ್ಲಿ ಏನು ಆಯ್ದನೆಂಬುದನ್ನು ಓದುಗ ಪರೀಕ್ಷಿಸಬಲ್ಲ. ತನ್ನ ಸಿದ್ಧಾಂತಕ್ಕೆ ಯಾವ ಪಾಠ ಅನುಕೂಲವೋ ಅದನ್ನು, ಯಾವ ಪ್ರತಿಯಲ್ಲಿಯೂ ಇಲ್ಲದಿದ್ದರೂ, ಮೂಲವೆಂದು ಅಚ್ಚು ಹಾಕುವವನಿಗೆ ಈ ವಿನಾಯಿತಿ ಸಲ್ಲದು.

ಇಂಥ ಇಕ್ಕಟ್ಟು ಲಿಂಗಾಯತರಿಗೆ ಮಾತ್ರ ಬಂದದ್ದಲ್ಲ. ಭಕ್ತಿವೇದಾಂತ ಸ್ವಾಮಿ ಪ್ರಭುಪಾದರು 1972ರಲ್ಲಿ ಭಗವದ್ಗೀತೆಯ ತಮ್ಮ ಇಂಗ್ಲಿಷ್ ಭಾಷ್ಯವನ್ನು ಪೂರ್ಣರೂಪದಲ್ಲಿ ಪ್ರಕಟಿಸಿದರು, 1977ರಲ್ಲಿ ನಿಧನರಾದರು. 1983ರಲ್ಲಿ ಅವರ ಶಿಷ್ಯರು ಅದರ ಪರಿಷ್ಕೃತ ಆವೃತ್ತಿಯನ್ನು ತಂದರು. ಹಳೆಯ ಹಸ್ತಪ್ರತಿಯೊಂದಿಗೆ ಹೋಲಿಸಿ ಮೊದಲಿನ ಸಂಪಾದಕರ ದೋಷಗಳನ್ನು ತಿದ್ದಿದ್ದೇವೆ ಎಂಬುದು ಅವರ ಸಮರ್ಥನೆ. ಗುರುಗಳು ತಾವೇ ವರ್ಷಗಟ್ಟಲೆ ಕೈಯಲ್ಲಿ ಹಿಡಿದು ಉಪನ್ಯಾಸ ನೀಡಿದ ಪುಸ್ತಕವನ್ನು ಅವರು ಇಲ್ಲದಾಗ ತಿದ್ದಲು ನೀವಾರು ಎಂಬುದು ವಿರೋಧಿಗಳ ಪ್ರಶ್ನೆ. ಗುರುಗಳ ನಂತರ ದೀಕ್ಷೆ ಕೊಡುವ ಅಧಿಕಾರ ಯಾರದೆಂಬ ವ್ಯಾಜ್ಯದೊಂದಿಗೆ ಈ ಪ್ರಶ್ನೆಯೂ ಹೆಣೆದುಕೊಂಡಿತು. ಆ ವ್ಯಾಜ್ಯದ ಒಂದು ಕವಲು ಬೆಂಗಳೂರಿನ ಹರೇಕೃಷ್ಣ ಗಿರಿಯವರೆಗೂ ಬಂದದ್ದು ಈ ನಗರದ ಓದುಗರಿಗೆ ಗೊತ್ತಿರುವ ಸಂಗತಿ. ಅಲ್ಲಿ ಒಂದು ಅನುಕೂಲವಿದೆ. ಎರಡೂ ಆವೃತ್ತಿಗಳು ಮುದ್ರಣದಲ್ಲಿವೆ. ಯಾರು ಬೇಕಾದರೂ ಪಕ್ಕಪಕ್ಕದಲ್ಲಿಟ್ಟು ಓದಬಹುದು. ಎಂಟು ನೂರು ವರ್ಷಗಳ ಹಿಂದಿನ ಮಾತಿಗೆ ಈ ಅನುಕೂಲವಿಲ್ಲ. ಆದುದರಿಂದಲೇ ವಚನಗಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಾಗಿರಬೇಕು. ಸಿಖ್ಖರ ಏಳನೆಯ ಗುರು ಹರ್ ರಾಯ್ ಅವರ ಕಥೆಯನ್ನು ಇಲ್ಲಿ ಹೇಳಬೇಕು. ಔರಂಗಜೇಬನ ದರ್ಬಾರಿನಲ್ಲಿ ಬಾದಶಹನನ್ನು ಮೆಚ್ಚಿಸಲು ಗುರುನಾನಕರ ಪದ್ಯದ ಒಂದೇ ಒಂದು ಶಬ್ದವನ್ನು ಬದಲಿಸಿ ಹೇಳಿದನೆಂಬ ಕಾರಣಕ್ಕೆ ಹಿರಿಯ ಮಗ ರಾಮ್ ರಾಯ್‌ನನ್ನು ಅವರು ದೂರವಿಟ್ಟರೆಂದೂ ಗುರುಪೀಠ ಕಿರಿಯ ಮಗ ಹರ್ ಕಿಶನ್‌ಗೆ ಹೋಯಿತೆಂದೂ ಸಿಖ್ ಪರಂಪರೆ ಹೇಳುತ್ತದೆ.

ಹಾಗಾದರೆ ಸರ್ಕಾರದ ನಿಷೇಧ ಸರಿಯಾಗಿತ್ತೇ? ಪುಸ್ತಕವನ್ನು ಇಷ್ಟು ಕಟುವಾಗಿ ವಿರೋಧಿಸಿದ ಮೇಲೂ ನಾನು ಹೌದೆನ್ನಲಾರೆ. ಮುಟ್ಟುಗೋಲಿಗೆ ಆಧಾರವಾದದ್ದು ಅಂದಿನ ದಂಡಪ್ರಕ್ರಿಯಾ ಸಂಹಿತೆಯ 95ನೆಯ ಕಲಮು. ಅದರ ಬೆನ್ನಿಗೆ ಇದ್ದದ್ದು ಧಾರ್ಮಿಕ ಭಾವನೆಗೆ ಧಕ್ಕೆ ತರುವುದನ್ನು ಅಪರಾಧವೆನ್ನುವ ದಂಡಸಂಹಿತೆಯ 295ಎ ಕಲಮು. ಅಂದರೆ ಕಾನೂನಿನ ಕಣ್ಣಿಗೆ ಕಂಡ ತಪ್ಪು, ಭಕ್ತರ ಮನಸ್ಸು ನೊಂದಿತು ಎಂಬುದು. ಪಠ್ಯ ಕೆಟ್ಟಿತು, ಓದುಗನಿಗೆ ಮೋಸವಾಯಿತು ಎಂಬುದು ಅದಕ್ಕೆ ಕಾಣಲಿಲ್ಲ. ಕಾಣುವ ಹಾಗೂ ಇಲ್ಲ.

ಇದರಿಂದ ಏನಾಗುತ್ತದೆ ಎಂಬುದಕ್ಕೆ ಕಲಬುರ್ಗಿಯವರ ಬದುಕೇ ಸಾಕ್ಷಿ. 1989ರಲ್ಲಿ ಅವರು ‘ಮಾರ್ಗ’ ಸಂಪುಟದ ಲೇಖನಗಳಲ್ಲಿ ನೀಲಾಂಬಿಕೆಯವರ ಮತ್ತು ಚೆನ್ನಬಸವಣ್ಣನವರ ಕುರಿತು ಕೆಲವು ತೀರ್ಮಾನಗಳನ್ನು ಮಂಡಿಸಿದ್ದರು. ಅವರು ಯಾವ ವಚನವನ್ನೂ ತಿದ್ದಿರಲಿಲ್ಲ. ಇದ್ದ ಪಠ್ಯವನ್ನು ಇದ್ದಂತೆ ಓದಿ, ತಮಗೆ ತೋಚಿದ್ದನ್ನು ಬರೆದಿದ್ದರು. ಅವರ ತೀರ್ಮಾನ ಸರಿಯೋ ತಪ್ಪೋ ಎಂಬುದನ್ನು ಅದೇ ಪಠ್ಯವನ್ನು ಮುಂದಿಟ್ಟುಕೊಂಡು ಬೇರೆ ವಿದ್ವಾಂಸರು ವಾದಿಸಬಹುದಿತ್ತು. ಆದರೆ ಭಾವನೆಗೆ ಧಕ್ಕೆ ಎಂಬ ಅದೇ ಅಸ್ತ್ರವನ್ನು ಅವರ ಮೇಲೂ ಬೀಸಲಾಯಿತು. ಒತ್ತಡಕ್ಕೆ ಮಣಿದು ಅವರು ಬರಹವನ್ನು ಹಿಂತೆಗೆದುಕೊಳ್ಳಬೇಕಾಯಿತು. ಮೂಲವನ್ನು ಓದಿ ಅಹಿತವಾದ ಮಾತು ಹೇಳಿದವರಿಗೂ ಮೂಲವನ್ನೇ ಬದಲಿಸಿ ಹಿತವಾದ ಮಾತು ಬರೆಸಿದವರಿಗೂ ನಮ್ಮ ಸಮಾಜ ಒಂದೇ ಅಳತೆಗೋಲು ಹಿಡಿಯಿತು. ವಿದ್ವತ್ತಿನ ಲೋಕದಲ್ಲಿ ಇವೆರಡು ತೀರ ವಿರುದ್ಧವಾದ ಕೆಲಸಗಳು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ, ಸ್ವಂತ ಮನೆಯ ಬಾಗಿಲಲ್ಲಿ, ಕಲಬುರ್ಗಿಯವರ ಹತ್ಯೆಯಾಯಿತು. ಬಸವಣ್ಣನವರ ಶುದ್ಧ ಪಠ್ಯಕ್ಕಾಗಿ ಅವರಷ್ಟು ದುಡಿದವರು ನಮ್ಮ ಕಾಲದಲ್ಲಿ ವಿರಳ.

ಈ ಪ್ರಶ್ನೆ ಕೇವಲ ಪಂಡಿತರದಲ್ಲ. 2017ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ನ್ಯಾಯಮೂರ್ತಿ ನಾಗಮೋಹನ ದಾಸ್ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿ ರಚಿಸಿ, ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆ ಕೊಡಬಹುದೇ ಎಂದು ಕೇಳಿತು. 2018ರ ಮಾರ್ಚಿನಲ್ಲಿ ಶಿಫಾರಸು ಕೇಂದ್ರಕ್ಕೆ ಹೋಯಿತು; ಕೇಂದ್ರ ಒಪ್ಪಲಿಲ್ಲ. ಆ ಚರ್ಚೆ ಮತ್ತೆ ಏಳದಿರುವುದಿಲ್ಲ. ಎದ್ದಾಗಲೆಲ್ಲ ಎರಡೂ ಪಕ್ಷದವರು ಸಾಕ್ಷಿಗೆ ಕರೆಯುವುದು ವಚನಗಳನ್ನೇ. ಪ್ರತ್ಯೇಕ ಧರ್ಮದ ಬೇಡಿಕೆಗೆ ಇರುವ ದೊಡ್ಡ ಬಲ ಕನ್ನಡದ ಈ ಮಾತುಗಳು. ಆ ಬೇಡಿಕೆಯನ್ನು ದಶಕಗಳ ಕಾಲ ಮುಂದಿಟ್ಟವರಲ್ಲಿ ಮಾತೆ ಮಹಾದೇವಿಯವರು ಪ್ರಮುಖರು. ಸಾಕ್ಷಿಯ ಹೇಳಿಕೆಯನ್ನು ತಮ್ಮ ಕಡೆಯವರೇ ತಿದ್ದಿದ್ದಾರೆಂದು ಎದುರಾಳಿ ತೋರಿಸಿಕೊಟ್ಟರೆ ಆ ಸಾಕ್ಷಿಯ ಉಳಿದ ಮಾತುಗಳ ಗತಿಯೇನು? ಲಿಂಗದೇವ ಅಂಕಿತದಿಂದ ಹೆಚ್ಚು ನಷ್ಟವಾದದ್ದು ವೈದಿಕ ಪಕ್ಷಕ್ಕಲ್ಲ, ಲಿಂಗಾಯತ ಪಕ್ಷಕ್ಕೇ.

ಮಾತಾಜಿಯವರು ಬದಲಾವಣೆಯನ್ನು ಬಹಿರಂಗವಾಗಿಯೇ ಮಾಡಿದರು ಎಂಬುದನ್ನೂ ಹೇಳಬೇಕು. ಎಲ್ಲರಿಗೂ ಗೊತ್ತಾಗಿ ಪ್ರತಿಭಟನೆ ಎದ್ದದ್ದು ಅದರಿಂದಲೇ. ನನಗೆ ಹೆಚ್ಚು ಭಯವಿರುವುದು ಸದ್ದಿಲ್ಲದ ತಿದ್ದುಪಡಿಗಳ ಬಗ್ಗೆ. ಹತ್ತು ಸಾಲಿನ ವಚನದಿಂದ ನಾಲ್ಕು ಸಾಲು ಕಿತ್ತು ಗೋಡೆಯ ಮೇಲೆ ಬರೆಯುತ್ತೇವೆ. ಜಾತಿಯನ್ನು ಹೆಸರು ಹಿಡಿದು ಖಂಡಿಸುವ ವಚನಗಳನ್ನು ಬಿಟ್ಟು, ಯಾರಿಗೂ ನೋವಾಗದ ನೀತಿವಾಕ್ಯಗಳನ್ನು ಆರಿಸಿ ಕ್ಯಾಲೆಂಡರಿನಲ್ಲಿ ಅಚ್ಚು ಹಾಕುತ್ತೇವೆ. ಇದರ ವಿರುದ್ಧ ಯಾವ ಕಲಮೂ ಇಲ್ಲ, ಇರಬೇಕಾಗಿಯೂ ಇಲ್ಲ.

ಸರ್ಕಾರ ಮಾಡಬಹುದಾದದ್ದು ಬೇರೆಯೇ ಇದೆ. ಸಾಂಸ್ಕೃತಿಕ ನಾಯಕರೆಂದು ಘೋಷಿಸಿದವರು ಬಸವಣ್ಣನವರ ವಚನಗಳ ಒಂದು ಪೂರ್ಣ ಪಾಠಾಂತರಸಹಿತ ಆವೃತ್ತಿಯನ್ನು ಸಾಮಾನ್ಯ ಓದುಗ ಕೊಳ್ಳಬಹುದಾದ ಬೆಲೆಗೆ ತರಬೇಕು. ಪ್ರತಿ ವಚನದ ಕೆಳಗೆ ಅದು ಯಾವ ಪ್ರತಿಯಲ್ಲಿದೆ, ಎಲ್ಲಿ ಶಬ್ದ ಬದಲಾಗಿದೆ, ಯಾವುದರ ಕರ್ತೃತ್ವದ ಬಗ್ಗೆ ಸಂಶಯವಿದೆ ಎಂಬುದು ಅಚ್ಚಾಗಿರಬೇಕು. ಧಾರವಾಡದ ಕನ್ನಡ ಅಧ್ಯಯನ ಪೀಠದಲ್ಲಿಯೂ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿಯೂ ಮಠಗಳಲ್ಲಿಯೂ ಇರುವ ವಚನದ ತಾಳೆಗರಿಗಳ ಛಾಯಾಪ್ರತಿಗಳನ್ನು ಎಲ್ಲರಿಗೂ ಸಿಗುವಂತೆ ತೆರೆದಿಡಬೇಕು. ‘ಬಸವ ವಚನ ದೀಪ್ತಿ’ಯೂ ಗ್ರಂಥಾಲಯಗಳಲ್ಲಿ ಇರಲಿ, ಅಂಕಿತ ಬದಲಿಸಿದ ಆವೃತ್ತಿ ಎಂಬ ಚೀಟಿ ಅದರ ಮೊದಲ ಪುಟದಲ್ಲಿದ್ದರೆ ಸಾಕು.